ದೋಣಿಯಲ್ಲೊಂದು ಸಂಸಾರ: ಐದು ವರ್ಷದ ಪಾಠಗಳು

ಲಂಕಾವಿ ಮಲೇಷ್ಯಾದ ವಾಯವ್ಯ ಮೂಲೆಯ ದ್ವೀಪ. ಥಾಯ್ಲೆಂಡಿನ ಗಡಿ ಅಲ್ಲಿಂದ ಕೂಗಳತೆ. ಅಲ್ಲಿ 36 ಅಡಿಯ ಹಳೆಯ ಹಾಯಿದೋಣಿಯಲ್ಲಿ ನಾನೂ ನಮ್ಮವರೂ ಸಂಸಾರ ಹೂಡಿ ಐದು ವರ್ಷವಾಯಿತು. ಕುಮಟೆಗೆ ಹೋದಾಗ ಎಲ್ಲರೂ ಕೇಳುವುದು ಬಿರುಗಾಳಿಯ ಕತೆ, ತಿಮಿಂಗಿಲದ ಕತೆ. ನಮ್ಮ ದಿನ ಸವೆಯುವುದು ಮಾತ್ರ ನೀರು, ಗ್ಯಾಸು, ಕಕ್ಕಸು, ಬಟ್ಟೆಗಳಲ್ಲಿ. ದಡದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಮುಗಿಯಿತು. ಇಲ್ಲಿ ನೀರು ಬಿಡುವವರೂ ನಾವೇ, ಕರೆಂಟಿನವರೂ ನಾವೇ, ಕಸ ಎತ್ತುವವರೂ ನಾವೇ.

1. ನೀರನ್ನು ಲೋಟದಲ್ಲಿ ಅಳೆಯಿರಿ. ನಮ್ಮ ಟ್ಯಾಂಕು 300 ಲೀಟರಿನದು. ಮೊದಲ ಸಲ ಐದೇ ದಿನಕ್ಕೆ ಬರಿದಾಯಿತು. ಈಗ ಹದಿನೈದು ದಿನ ಬರುತ್ತದೆ. ಗುಟ್ಟೇನಿಲ್ಲ: ವಿದ್ಯುತ್ ಪಂಪಿನ ನಲ್ಲಿ ಕಿತ್ತು, ಕಾಲಿನಿಂದ ಒತ್ತುವ ಪಂಪು ಹಾಕಿಸಿದೆವು. ಪ್ರತಿ ಲೋಟಕ್ಕೂ ಕಾಲು ದಣಿಯಬೇಕು ಎಂದಾಗ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಪಾತ್ರೆ ಉಜ್ಜುವುದು ಸಮುದ್ರದ ನೀರಿನಲ್ಲಿ, ಕೊನೆಯ ಜಾಲಾಟ ಮಾತ್ರ ಸಿಹಿನೀರಿನಲ್ಲಿ. ಇದು ತಿಳಿನೀರಿನ ಕೊಲ್ಲಿಗಳಲ್ಲಿ ಮಾತ್ರ. ಬಂದರಿನ ನೀರಿಗೆ ಪಾತ್ರೆ ಅದ್ದಬೇಡಿ. ಮಳೆ ಬಂದರೆ ಮೇಲಿನ ಚಪ್ಪರದಿಂದ ಕೊಳವೆಯಲ್ಲಿ ನೀರು ಹಿಡಿಯುತ್ತೇವೆ. ಮೊದಲ ಹತ್ತು ನಿಮಿಷದ ಮಳೆ ಉಪ್ಪನ್ನೂ ಹಕ್ಕಿಯ ಹಿಕ್ಕೆಯನ್ನೂ ತೊಳೆದುಕೊಂಡು ಬರುವುದರಿಂದ ಅದು ಸಮುದ್ರಕ್ಕೇ.

2. ಉಪ್ಪುನೀರಿನಲ್ಲಿ ಜಾಲಾಡಿದ ಬಟ್ಟೆ ಒಣಗಿದಂತೆ ಕಾಣುತ್ತದೆ, ಒಣಗಿರುವುದಿಲ್ಲ. ನೂಲಿನಲ್ಲಿ ಉಳಿದ ಉಪ್ಪು ಸಂಜೆಯಾದೊಡನೆ ಗಾಳಿಯ ತೇವ ಹೀರಿಕೊಂಡು ಮತ್ತೆ ಜಿನುಗುತ್ತದೆ. ಮೈಯೂ ಹಾಗೆಯೇ. ಈಜಿ ಬಂದವರು ಒಂದು ತಂಬಿಗೆ ಸಿಹಿನೀರು ಸುರಿದುಕೊಳ್ಳದೆ ಹಾಸಿಗೆ ಮುಟ್ಟುವಂತಿಲ್ಲ. ಇದು ನಮ್ಮ ದೋಣಿಯ ಮಡಿ. ಹೊದಿಕೆಯಂಥ ದೊಡ್ಡ ಬಟ್ಟೆಗಳನ್ನು ಕುವಾ ಪಟ್ಟಣಕ್ಕೆ ಒಯ್ಯುತ್ತೇವೆ. ಮಲಯ ಭಾಷೆಯಲ್ಲಿ ಲಾಂಡ್ರಿಗೆ ಹೆಸರು ‘ದೋಬಿ’. ಮೊದಲ ಸಲ ಬೋರ್ಡು ಓದಿ ನಕ್ಕಿದ್ದೆ.

3. ಕಕ್ಕಸಿನ ವಿಷಯದಲ್ಲಿ ಸಂಕೋಚ ಬೇಡ. ತಿಂದು ಅರಗಿದ್ದನ್ನು ಬಿಟ್ಟು ಬೇರೇನೂ ಅದರೊಳಗೆ ಹೋಗಬಾರದು ಎಂದು ನೆಂಟರಿಗೆ ಬಂದ ಮೊದಲ ಗಂಟೆಯಲ್ಲೇ ಹೇಳಿಬಿಡಿ. ನಾವು ಮುಲಾಜಿಗೆ ಬಿದ್ದು ಹೇಳಲಿಲ್ಲ. ಒಬ್ಬರು ತಲೆ ಬಾಚಿದ ಕೂದಲಿನ ಉಂಡೆ ಹಾಕಿದರು. ನಮ್ಮವರು ಅರ್ಧ ದಿನ ಮಂಡಿಯೂರಿ ಪಂಪು ಬಿಚ್ಚಿದರು. ಆ ಅರ್ಧ ದಿನ ನಾವಿಬ್ಬರೂ ಮಾತಾಡಲಿಲ್ಲ. ಇನ್ನೊಂದು: ಮೂತ್ರ ಮತ್ತು ಸಮುದ್ರದ ನೀರು ಸೇರಿದರೆ ಕೊಳವೆಯೊಳಗೆ ಸುಣ್ಣದಂತೆ ಗಟ್ಟಿ ಪದರ ಕಟ್ಟುತ್ತದೆ. ವಾರಕ್ಕೊಮ್ಮೆ ರಾತ್ರಿ ವಿನೆಗರ್ ಸುರಿದು ಮಲಗಿ. ಪಂಪು ಹೊಡೆಯುವಾಗಲೂ ಕೊಳವೆ ಪೂರ್ತಿ ಖಾಲಿಯಾಗುವಷ್ಟು ಹೊಡೆಯಬೇಕು, ಕಣ್ಣಿಗೆ ಕಂಡದ್ದು ಹೋಯಿತೆಂದು ನಿಲ್ಲಿಸಬಾರದು.

4. ಗ್ಯಾಸು ಗಾಳಿಗಿಂತ ಭಾರ. ದಡದ ಮನೆಯಲ್ಲಿ ಸೋರಿದ್ದು ಬಾಗಿಲಿನಿಂದ ಹೊರಗೆ ಹೋದೀತು. ದೋಣಿ ಎಂದರೆ ಬೋಗುಣಿ, ಸೋರಿದ್ದೆಲ್ಲ ತಳದಲ್ಲಿ ನಿಲ್ಲುತ್ತದೆ. ಆಮೇಲೆ ಒಂದು ಕಿಡಿ ಸಾಕು. ಸಿಲಿಂಡರ್ ಹೊರಗಿನ ಗೂಡಿನಲ್ಲೇ ಇರಲಿ, ಗೂಡಿನ ತಳದಲ್ಲಿ ಸಮುದ್ರಕ್ಕೆ ತೆರೆಯುವ ತೂತು ಇರಲಿ. ಅಡುಗೆ ಮುಗಿದ ಕೂಡಲೇ ಒಲೆಯ ಗುಂಡಿಯನ್ನಲ್ಲ, ಸಿಲಿಂಡರಿನ ವಾಲ್ವನ್ನೇ ಮುಚ್ಚಿ.

5. ದೋಣಿಗೆ ಪ್ರೆಶರ್ ಕುಕ್ಕರಿಗಿಂತ ಒಳ್ಳೆಯ ಪಾತ್ರೆ ಇಲ್ಲ. ನಮ್ಮ ಒಲೆ ತೊಟ್ಟಿಲಿನಂತೆ ತೂಗುತ್ತದೆ, ದೋಣಿ ವಾಲಿದರೂ ಅದು ಮಟ್ಟಸ. ಆದರೂ ದೊಡ್ಡ ಅಲೆಗೆ ತೆರೆದ ಪಾತ್ರೆ ಚೆಲ್ಲುತ್ತದೆ, ಕುಕ್ಕರು ಚೆಲ್ಲುವುದಿಲ್ಲ. ದೋಸೆ ಹಿಟ್ಟಿನದು ಬೇರೆಯೇ ಪಾಡು. 750 ವಾಟಿನ ಮಿಕ್ಸಿ ತಿರುಗಿದರೆ 12 ವೋಲ್ಟಿನ ಬ್ಯಾಟರಿಯಿಂದ 60 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಹಾಗಾಗಿ ರುಬ್ಬುವುದು ಸೌರಫಲಕದ ಮೇಲೆ ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ. ಇಲ್ಲಿನ ಸೆಕೆಗೆ ಹಿಟ್ಟು ಸಂಜೆಗೇ ಉಬ್ಬಿ ನಿಂತಿರುತ್ತದೆ. ಪಾತ್ರೆ ಅರ್ಧ ಮಾತ್ರ ತುಂಬಿಸಿ. ಪ್ರವಾಸಿಗರ ಮೋಟಾರು ದೋಣಿಯೊಂದು ಪಕ್ಕದಲ್ಲಿ ಹಾದುಹೋದದ್ದಕ್ಕೆ ನಕಾಶೆಗಳ ಮೇಲೆಲ್ಲ ದೋಸೆ ಹಿಟ್ಟು ಚೆಲ್ಲಿದ್ದು ಉಂಟು.

6. ರಟ್ಟಿನ ಪೆಟ್ಟಿಗೆ ದೋಣಿ ಹತ್ತಬಾರದು. ಅದರ ಮಡಿಕೆಗಳಲ್ಲಿ ಜಿರಲೆಯ ಮೊಟ್ಟೆ ಇರುತ್ತದೆ.

7. ಲಂಗರಿನ ಲೆಕ್ಕವನ್ನು ಉಬ್ಬರಕ್ಕೆ ಹಾಕಿ. ನಾನು ತೆತ್ತು ಕಲಿತದ್ದು ಇದನ್ನೇ. ಆಳದ ಐದು ಪಟ್ಟು ಸರಪಳಿ ಬಿಡಬೇಕೆಂಬುದು ವಾಡಿಕೆ. ಅಮಾವಾಸ್ಯೆಯ ಒಂದು ಸಂಜೆ ಇಳಿತದ ಹೊತ್ತಿಗೆ 5 ಮೀಟರ್ ನೀರಿನಲ್ಲಿ 25 ಮೀಟರ್ ಸರಪಳಿ ಬಿಟ್ಟು, ಲೆಕ್ಕ ಸರಿಯಾಯಿತೆಂದು ಮಲಗಿದೆವು. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ನೀರು ಸುಮಾರು 3 ಮೀಟರ್ ಏರುತ್ತದೆ. ದೋಣಿಯ ಮೂತಿ ನೀರಿನಿಂದ ಇನ್ನೊಂದು ಮೀಟರ್ ಎತ್ತರ. ಅಂದರೆ ನಡುರಾತ್ರಿಗೆ ನಮ್ಮ ಐದು ಪಟ್ಟು ಮೂರಕ್ಕೂ ಕಡಿಮೆಯಾಗಿತ್ತು. ಆಗಲೇ ‘ಸುಮಾತ್ರಾ’ ಬಂತು. ಮಲಕ್ಕಾ ಜಲಸಂಧಿಯಾಚೆಯಿಂದ ರಾತ್ರಿ ಹೊತ್ತು ನುಗ್ಗುವ ಗಾಳಿಮಳೆಗೆ ಇಲ್ಲಿ ಅದೇ ಹೆಸರು. ಲಂಗರು ಕೆಸರಿನಿಂದ ಕಿತ್ತು ಬಂದು, ನಾವು ಪಕ್ಕದ ದೋಣಿಯ ಮೇಲೆ ಏರುವುದು ಒಂದು ಮಾರಿನಲ್ಲಿ ತಪ್ಪಿತು. ಅಲ್ಲಿಯ ಅಜ್ಜ ಬೈಯಲಿಲ್ಲ. ಟಾರ್ಚು ಹಿಡಿದು, ಎಂಜಿನ್ ಶುರುವಾಗುವ ತನಕ ನಮ್ಮ ದೋಣಿಯನ್ನು ಕಾಲಿನಿಂದ ಒದ್ದು ದೂರ ಹಿಡಿದಿದ್ದ. ಈಗ 5 ಕೂಡಿಸು 3 ಕೂಡಿಸು 1, ಅದರ ಐದು ಪಟ್ಟು 45 ಮೀಟರ್ ಬಿಡುತ್ತೇವೆ.

8. ದೋಣಿಯ ತಳದಲ್ಲಿ ಬೇಕೆಂದೇ ಕೊರೆದ ತೂತುಗಳಿವೆ, ಪ್ರತಿಯೊಂದಕ್ಕೂ ಒಂದು ವಾಲ್ವಿದೆ. ಊರಿಗೆ ಹೊರಡುವಾಗ ಮನೆಗೆ ಬೀಗ ಹಾಕುವುದೆಂದರೆ ನಮಗೆ ಅವನ್ನು ಮುಚ್ಚುವುದು.

9. ನೋಡಲು ಬರುವವರು ಬಟ್ಟೆಯ ಚೀಲದಲ್ಲಿ ಬನ್ನಿ, ಗಟ್ಟಿ ಸೂಟ್‌ಕೇಸು ಇಡಲು ಜಾಗವಿಲ್ಲ. ಉದ್ದಿನಬೇಳೆ, ಕರಿಬೇವು ಕುವಾದಲ್ಲೇ ಸಿಗುತ್ತವೆ, ಹೊರಬೇಡಿ. ಅಪ್ಪೆಮಿಡಿ ಉಪ್ಪಿನಕಾಯಿ ಸಿಗುವುದಿಲ್ಲ. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತನ್ನಿ.