ಟರ್ಕಿ ಕೋಳಿ ಕರೆಯುವ ಮರದ ಪೆಟ್ಟಿಗೆ: ಬಳಸುವ ಕ್ರಮ, ಕಾಪಾಡುವ ಕ್ರಮ



ಅಮೆರಿಕದಲ್ಲಿ ನೆಲೆಸಿರುವ ಮಗನೋ ಅಳಿಯನೋ ರಜೆಗೆ ಊರಿಗೆ ಬರುವಾಗ ತರುವ ಸಾಮಾನುಗಳ ಪೈಕಿ ಕೆಲವೊಮ್ಮೆ ಗೇಣಿಗಿಂತ ತುಸು ಉದ್ದನೆಯ ಒಂದು ಮರದ ಪೆಟ್ಟಿಗೆ ಇರಬಹುದು. ಅದರ ಮುಚ್ಚಳದ ಒಂದು ತುದಿಯಲ್ಲಿ ತಿರುಪು, ಇನ್ನೊಂದು ತುದಿಯಲ್ಲಿ ಹಿಡಿ. ಮುಚ್ಚಳವನ್ನು ಅಡ್ಡಕ್ಕೆ ಸರಿಸಿದರೆ ಕೋಳಿ ಕೂಗಿದಂತೆ ಶಬ್ದ ಬರುತ್ತದೆ. ಇದು ಮಕ್ಕಳ ಆಟಿಕೆಯಲ್ಲ. ಅಲ್ಲಿನ ಕಾಡು ಟರ್ಕಿ ಕೋಳಿಯ ಬೇಟೆಗಾಗಿ ಕೈಯಿಂದ ಮಾಡಿದ ಉಪಕರಣ. ಚೆನ್ನಾಗಿ ಹೊಳೆಯಲಿ ಎಂದು ಯಾರಾದರೂ ಇದಕ್ಕೆ ಎಣ್ಣೆ ಒರೆಸಿದರೆ ಅಲ್ಲಿಗೆ ಅದರ ದನಿ ಕೆಟ್ಟಂತೆಯೇ. ಹೀಗಾಗಿ ಇದರ ವಿಚಾರ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಮೊದಲಿಗೇ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನವಿಲು, ಕಾಡುಕೋಳಿಗಳ ಬೇಟೆ ಅಪರಾಧ. ಕೆಳಗೆ ಹೇಳುವ ಬಳಕೆಯ ಕ್ರಮವೆಲ್ಲ ಅಮೆರಿಕದ್ದು. ಕಾಪಾಡುವ ಕ್ರಮ ಮಾತ್ರ ನಮಗೂ ಅನ್ವಯಿಸುತ್ತದೆ.

ಈ ನಮೂನೆಯ ಪೆಟ್ಟಿಗೆಗೆ ಆರ್ಕನ್ಸಾ ರಾಜ್ಯದ ಹೆನ್ರಿ ಗಿಬ್ಸನ್ ಎಂಬವರು 1897ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಬಹಳ ಹಿಂದಿನಿಂದ ಅಲ್ಲಿನ ಮೂಲನಿವಾಸಿಗಳು ಟರ್ಕಿಯ ರೆಕ್ಕೆಯ ಮೂಳೆಯನ್ನೇ ಕೊಳವೆ ಮಾಡಿ, ಬಾಯಿಂದ ಹೀರಿ ಹೆಣ್ಣುಕೋಳಿಯ ದನಿ ತೆಗೆಯುತ್ತಿದ್ದರು. ಈಗ ಕಾರ್ಖಾನೆಯ ಪೆಟ್ಟಿಗೆಗಳು ಅಗ್ಗವಾಗಿ ಸಿಗುತ್ತವೆ. ಆದರೂ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಬಿಡುವಿನ ವೇಳೆ ಒಂದೊಂದನ್ನೇ ಕೆತ್ತುವ ಕುಶಲಕರ್ಮಿಗಳು ಅಲ್ಲಿ ಬಹಳ ಮಂದಿ ಇದ್ದಾರೆ. ಸೀಡರ್, ಅಕ್ರೋಟ್, ಮಾಗನಿ ಮುಂತಾದ ಮರಗಳನ್ನು ಬಳಸುತ್ತಾರೆ. ಹಳೆಯ ಬೇಲಿಗೂಟದ ಸೀಡರ್ ಚೆನ್ನಾಗಿ ಒಣಗಿರುತ್ತದೆಂದು ಅದನ್ನೇ ಹುಡುಕಿ ತರುವವರೂ ಉಂಟು. ಹೆಸರಾಂತ ಕೈಗಳ ಪೆಟ್ಟಿಗೆಗಳನ್ನು ಸಂಗ್ರಾಹಕರು ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಾರೆ.

ದನಿ ಬರುವುದು ಹೇಗೆ?

ಪೆಟ್ಟಿಗೆಯ ಎರಡು ಪಕ್ಕದ ಹಲಗೆಗಳು ಬಹಳ ತೆಳು. ಅವುಗಳ ಮೇಲಂಚಿಗೆ ತುಟಿ ಎನ್ನೋಣ. ಮುಚ್ಚಳದ ಒಳಮೈ ಚಪ್ಪಟೆಯಲ್ಲ, ಸ್ವಲ್ಪ ಉಬ್ಬಾಗಿರುತ್ತದೆ. ಅದಕ್ಕೆ ಸೀಮೆಸುಣ್ಣ ಬಳಿದು ತುಟಿಯ ಮೇಲೆ ಎಳೆದಾಗ ಮರ ಮರವನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಕ್ಷಣಕ್ಕೆ ನೂರಾರು ಬಾರಿ ಹೀಗಾಗಿ ತೆಳು ಹಲಗೆ ಅದುರುತ್ತದೆ, ಒಳಗಿನ ಪೊಳ್ಳು ಆ ದನಿಯನ್ನು ದೊಡ್ಡದು ಮಾಡುತ್ತದೆ. ಪಿಟೀಲಿನ ಕಮಾನಿಗೆ ರಾಳ ಹಚ್ಚುವುದೂ ಇದೇ ಕಾರಣಕ್ಕೆ. ಕಮಾನಿಗೆ ಎಣ್ಣೆ ಹಚ್ಚಿದರೆ ಪಿಟೀಲು ಹೇಗೆ ಮೂಕವಾಗುವುದೋ ಇದೂ ಹಾಗೆಯೇ. ಮುಚ್ಚಳ ಮತ್ತು ತುಟಿ ಸೇರುವ ಆ ಒಂದು ಗೆರೆ ಒಣಗಿರಬೇಕು, ಜಿಡ್ಡಿಲ್ಲದಿರಬೇಕು. ಪಾಲನೆಯ ನಿಯಮಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಬಳಸುವ ಕ್ರಮ

ಪೆಟ್ಟಿಗೆಯನ್ನು ಅಂಗೈಯಲ್ಲಿ ಹಗುರವಾಗಿ ಇಟ್ಟುಕೊಳ್ಳಬೇಕು. ಪಕ್ಕದ ಹಲಗೆಗಳನ್ನು ಬೆರಳಿನಿಂದ ಅದುಮಿ ಹಿಡಿದರೆ ದನಿ ಕಟ್ಟಿಹೋಗುತ್ತದೆ. ಮುಚ್ಚಳವನ್ನು ಒತ್ತುವ ಅಗತ್ಯವಿಲ್ಲ, ಅದರ ಭಾರವೇ ಸಾಕು. ತುಟಿಯಿಂದ ಎತ್ತದೆ ಚಿಕ್ಕದಾಗಿ ಎಳೆದರೆ ಮೊದಲು ತೀಕ್ಷ್ಣವಾಗಿ, ಕೂಡಲೇ ಒರಟಾಗಿ ಇಳಿಯುವ ಎರಡು ಸ್ವರದ ಕೂಗು ಬರುತ್ತದೆ. ಹೆಣ್ಣುಕೋಳಿಯ ಸಾಮಾನ್ಯ ಕರೆ ಇದು. ಒಂದೇ ಸಣ್ಣ ಮಿಡಿತ ಕೊಟ್ಟರೆ ಲೊಚಕ್ ಎಂಬ ಬಿಡಿ ಸದ್ದು. ಬಹಳ ನಿಧಾನವಾಗಿ, ಹಗುರವಾಗಿ ಎಳೆದರೆ ಮೇಯುವ ಕೋಳಿಯ ಗುರುಗುಟ್ಟು. ಅನೇಕ ಪೆಟ್ಟಿಗೆಗಳಲ್ಲಿ ಎರಡು ಪಕ್ಕಕ್ಕೂ ಬೇರೆ ಬೇರೆ ದನಿ ಇರುತ್ತದೆ: ಒಂದು ಮುದಿ ಹೆಣ್ಣಿನದು, ಇನ್ನೊಂದು ಎಳೆಯದು.

ಕಲಿಯುವವರು ಸಾಮಾನ್ಯವಾಗಿ ಎಡವುವುದು ಅತಿಯಾಗಿ ಕರೆಯುವುದರಲ್ಲಿ. ವಸಂತದಲ್ಲಿ ಗಂಡು ಟರ್ಕಿ ಬಾಲ ಬಿಚ್ಚಿ, ಗಟ್ಟಿಯಾಗಿ ಕೂಗಿ ತಾನಿದ್ದಲ್ಲೇ ನಿಲ್ಲುತ್ತದೆ. ಹೆಣ್ಣು ಅದರ ಬಳಿಗೆ ಹೋಗುವುದು ವಾಡಿಕೆ. ಬೇಟೆಗಾರ ಮಾಡಹೊರಟಿರುವುದು ಇದಕ್ಕೆ ತಲೆಕೆಳಗು. ಮೇಲಿಂದ ಮೇಲೆ ಕರೆದರೆ ಗಂಡು ‘ಹೇಗೂ ಬರುತ್ತಾಳೆ’ ಎಂಬಂತೆ ಅಲ್ಲೇ ಕಾಯುತ್ತದೆ. ಮೂರು ನಾಲ್ಕು ಬಾರಿ ಕರೆದು, ಅದು ಉತ್ತರ ಕೊಟ್ಟ ಮೇಲೆ ಪೆಟ್ಟಿಗೆ ಕೆಳಗಿಟ್ಟು ಕಾಲು ಗಂಟೆ, ಅರ್ಧ ಗಂಟೆ ಅಲುಗಾಡದೆ ಕೂರುವವನಿಗೆ ಅದು ಹತ್ತಿರ ಬರುವ ಸಂಭವ ಹೆಚ್ಚು. ಟರ್ಕಿಯ ಕಣ್ಣು ಬಹಳ ಚುರುಕು. ಹತ್ತಿರ ಬಂದ ಮೇಲೆ ಪೆಟ್ಟಿಗೆ ಆಡಿಸುವ ಕೈಯೇ ಬೇಟೆಗಾರನನ್ನು ಬಿಟ್ಟುಕೊಡುತ್ತದೆ.

ಇನ್ನೊಂದು ಸಂಗತಿ ಜೀವದ ಪ್ರಶ್ನೆ. ದನಿ ಚೆನ್ನಾಗಿದ್ದಷ್ಟೂ ಪೊದೆಯಾಚೆಗಿನ ಇನ್ನೊಬ್ಬ ಬೇಟೆಗಾರ ಅದನ್ನು ನಿಜವಾದ ಕೋಳಿಯೆಂದೇ ತಿಳಿಯುತ್ತಾನೆ. ಹೀಗೆ ಗುಂಡು ತಗುಲಿದ ಪ್ರಸಂಗಗಳು ಅಲ್ಲಿ ನಡೆದಿವೆ. ಅದಕ್ಕಾಗಿ ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕೆಂದು ಕಲಿಸುತ್ತಾರೆ. ಗಂಡಿನ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿ ಬಟ್ಟೆ, ಕರವಸ್ತ್ರ ಸಹ ಕೂಡದು. ಬೇರೊಬ್ಬ ಮನುಷ್ಯ ಕಂಡರೆ ಕೈ ಬೀಸದೆ, ಅಲುಗಾಡದೆ, ಗಟ್ಟಿಯಾಗಿ ಮಾತನಾಡಿಯೇ ತಿಳಿಸಬೇಕು.

ಈ ಬೇಟೆ ಅಲ್ಲಿ ಇಂದಿಗೂ ಉಳಿದಿರುವುದು ಹಕ್ಕಿಯನ್ನು ಉಳಿಸಿಕೊಂಡದ್ದರಿಂದ. ಮಿತಿಯಿಲ್ಲದ ಬೇಟೆ ಮತ್ತು ಕಾಡು ನಾಶದಿಂದ 1930ರ ದಶಕದ ಹೊತ್ತಿಗೆ ಕಾಡು ಟರ್ಕಿ ಬಹಳ ಪ್ರದೇಶಗಳಲ್ಲಿ ಕಾಣೆಯಾಗಿತ್ತು. 1937ರ ಕಾಯ್ದೆಯೊಂದು ಬಂದೂಕು ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನಶ್ಚೇತನಕ್ಕೆ ಮೀಸಲಿಟ್ಟಿತು. ಕಾಡಿನ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಖಾಲಿಯಾದ ಕಡೆಗಳಲ್ಲಿ ಬಿಟ್ಟರು. ಈಗ ಅಲಾಸ್ಕ ಒಂದನ್ನು ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲೂ ಇವು ಇವೆ.

ಕಾಪಾಡುವ ಕ್ರಮ

ಸುಣ್ಣ ಹಚ್ಚಿದ ಜಾಗವನ್ನು ಬೆರಳಿನಿಂದ ಮುಟ್ಟಬಾರದು. ಚರ್ಮದ ಜಿಡ್ಡೇ ಸಾಕು ಕೆಡಲು. ಎಣ್ಣೆ, ಮೇಣ ಬೆರೆಯದ ಸೀಮೆಸುಣ್ಣವನ್ನೇ ಉಪಯೋಗಿಸಬೇಕು. ದರ್ಜಿಗಳ ಚಾಕಿನಲ್ಲಿ ಮೇಣ ಇರುವುದುಂಟು, ಅದು ಬೇಡ. ಮುಚ್ಚಳದ ಒಳಮೈ ನುಣುಪಾಗಿ ಹೊಳೆಯತೊಡಗಿ ದನಿ ಜಾರಿದರೆ ಪಾತ್ರೆ ಉಜ್ಜುವ ಹಸಿರು ನಾರಿನ ಹೊಸ ತುಂಡಿನಿಂದ ಹಗುರವಾಗಿ ತೀಡಿ, ಮತ್ತೆ ಸುಣ್ಣ ಹಚ್ಚಬಹುದು. ತುಟಿಗೆ ಮಾತ್ರ ಉಪ್ಪುಕಾಗದ ತಾಗಿಸಲೇಬಾರದು. ಮಾಡಿದವನು ಕೂದಲೆಳೆಯಷ್ಟು ಲೆಕ್ಕದಲ್ಲಿ ಅದನ್ನು ತೀಡಿರುತ್ತಾನೆ. ಒಮ್ಮೆ ಸವೆದರೆ ಹಿಂದಿನ ದನಿ ಬಾರದು. ತಿರುಪಿನ ಬಿಗಿಯನ್ನೂ ಬದಲಿಸಬೇಡಿ. ಅದು ಸಡಿಲಾಗಿದೆಯೇ ಎಂದು ತಿಳಿಯಲು ತಿರುಪಿನ ಗೀರಿನ ನೇರಕ್ಕೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಟ್ಟರೆ ಸಾಕು. ಒಯ್ಯುವಾಗ ಮುಚ್ಚಳದಡಿ ಒಣ ಬಟ್ಟೆಯ ತುಂಡಿಟ್ಟು ರಬ್ಬರ್ ಬ್ಯಾಂಡ್ ಹಾಕಿದರೆ ತಾನಾಗಿ ಕಿರುಚುವುದಿಲ್ಲ.

ನಮ್ಮ ಮಲೆನಾಡಿನಲ್ಲಿ ದೊಡ್ಡ ಶತ್ರು ಮಳೆಗಾಲದ ತೇವ. ಮರ ಉಬ್ಬುತ್ತದೆ, ಸುಣ್ಣ ಹಸಿಯಾಗುತ್ತದೆ, ಬೂಷ್ಟು ಬರುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುವುದು ನಿಜ, ಆದರೆ ಹೊಗೆಯ ಜಿಡ್ಡು ಹಿಡಿಯುವುದರಿಂದ ಅಲ್ಲಿ ಬೇಡ. ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಭದ್ರ ಮುಚ್ಚಳದ ಡಬ್ಬದಲ್ಲಿಡಿ. ಬೂಷ್ಟು ಕಂಡರೆ ಒಣ ಬಟ್ಟೆಯಿಂದ ಒರೆಸಿದರಾಯಿತು. ನೆನೆದರೆ ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಆರಲಿ. ಅಡಿಕೆಯಂತೆ ಅಂಗಳದ ಬಿಸಿಲಿಗೆ ಹಾಕಿದರೆ ತೆಳು ಹಲಗೆ ಸೀಳುತ್ತದೆ, ಅಂಟು ಬಿಡುತ್ತದೆ. ವಾರ್ನಿಷ್ ಬಳಿಯುವ ಆಸೆ ಬೇಡವೇ ಬೇಡ.

ಅಂಟು ಬಿಟ್ಟರೆ, ತುಟಿ ಮುಕ್ಕಾದರೆ ಊರಿನ ಆಚಾರಿಗೆ ಕೊಡುವುದಕ್ಕಿಂತ ಮಾಡಿದವನಿಗೇ ಕಳುಹಿಸುವುದು ಮೇಲು. ಕೈಕೆಲಸದ ಪೆಟ್ಟಿಗೆಗಳ ಮೇಲೆ ಸಾಮಾನ್ಯವಾಗಿ ಅವನ ಸಹಿ, ಕೆಲವೊಮ್ಮೆ ಇಸವಿಯೂ ಇರುತ್ತದೆ. ಒರೆಸುವಾಗ ಅದು ಅಳಿಸಿಹೋಗದಂತೆ ನೋಡಿಕೊಳ್ಳಿ.