ತೊಂದರೆ ಕಾಣಲಿಲ್ಲವೆಂದರೆ ತೊಂದರೆ ಇಲ್ಲವೆ?



“ಈ ಮದ್ದನ್ನು ನೂರು ಜನಕ್ಕೆ ಕೊಟ್ಟಿದೆ, ಒಬ್ಬರಿಗೂ ಕೆಡುಕಾಗಿಲ್ಲ” ಎಂಬ ಮಾತನ್ನು ನೀವು ಕೇಳಿರಬಹುದು. ಮಾತು ನಿಜವೇ ಇರಬಹುದು. ಆದರೆ ಅದರಿಂದ ಅಪಾಯವೇ ಇಲ್ಲವೆಂದು ತಿಳಿಯಬಾರದು. ಅದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ.

ಆಲೂಗೆಡ್ಡೆಯ ಉದಾಹರಣೆ

ಕೊರವಂಗಲದ ಕಡೆ ಆಲೂಗೆಡ್ಡೆ ಬೆಳೆಯುವವರಿಗೆ ಇದು ಬೇಗ ತಿಳಿಯುತ್ತದೆ. ಬಿತ್ತನೆ ಗೆಡ್ಡೆಯ ದೊಡ್ಡ ರಾಶಿಯಲ್ಲಿ ಅಲ್ಲಲ್ಲಿ ಕೈಹಾಕಿ 100 ಗೆಡ್ಡೆ ತೆಗೆದು ಕುಯ್ದು ನೋಡಿದಿರಿ. ಒಂದೂ ಕೊಳೆತಿಲ್ಲ. ಹಾಗಾದರೆ ರಾಶಿಯೆಲ್ಲ ಶುದ್ಧವೆ? ಹಾಗೆ ಹೇಳಲಾಗದು. ರಾಶಿಯಲ್ಲಿ ನೂರಕ್ಕೆ 3 ಕೊಳೆತಿದ್ದರೂ, ಹೀಗೆ ನೂರು ಸಲ ಪರೀಕ್ಷಿಸಿದರೆ ಸುಮಾರು 5 ಸಲ ಕೊಳೆತದ್ದು ಒಂದೂ ಕೈಗೆ ಸಿಗುವುದಿಲ್ಲ. ಕೊಳೆ ಅದಕ್ಕಿಂತ ಹೆಚ್ಚಿದ್ದರೆ ಹೀಗೆ ತಪ್ಪಿಸಿಕೊಳ್ಳುವುದು ಇನ್ನೂ ಅಪರೂಪ. ಆದ್ದರಿಂದ “ಹೆಚ್ಚೆಂದರೆ ನೂರಕ್ಕೆ 3” ಎಂದು ತಕ್ಕಷ್ಟು ಧೈರ್ಯದಿಂದ ಹೇಳಬಹುದು.

ಮೂರರ ಲೆಕ್ಕ

ಮದ್ದಿಗೂ ಇದೇ ಲೆಕ್ಕ. ಯಾರಿಗೂ ತೊಂದರೆ ಕಾಣದಿದ್ದಾಗ, 3ನ್ನು ಪರೀಕ್ಷೆಗೆ ಒಳಗಾದವರ ಸಂಖ್ಯೆಯಿಂದ ಭಾಗಿಸಿರಿ. ಬಂದದ್ದು ಅಪಾಯದ ಮೇಲಿನ ಮಿತಿ.

30 ಜನ: ಹೆಚ್ಚೆಂದರೆ 10ಕ್ಕೆ 1
300 ಜನ: ಹೆಚ್ಚೆಂದರೆ 100ಕ್ಕೆ 1
3,000 ಜನ: ಹೆಚ್ಚೆಂದರೆ 1,000ಕ್ಕೆ 1

ಇದು ಮಿತಿ ಮಾತ್ರ. ನಿಜವಾದ ಅಪಾಯ ಇದಕ್ಕಿಂತ ಬಹಳ ಕಡಿಮೆ ಇರಬಹುದು.

ಲಸಿಕೆಯಲ್ಲಿ ಕಂಡದ್ದು

2020ರಲ್ಲಿ ಕೋವಿಶೀಲ್ಡ್ ಲಸಿಕೆಯನ್ನು ನಮ್ಮ ದೇಶದಲ್ಲಿ 1,600 ಜನರ ಮೇಲೆ ಪರೀಕ್ಷಿಸಿದರು. ಮೈಸೂರಿನ ಜೆಎಸ್‌ಎಸ್ ಸಂಸ್ಥೆಯೂ ಅದರಲ್ಲಿ ಸೇರಿತ್ತು. ಕೋವಿಶೀಲ್ಡ್ ಪಡೆದವರು ಸುಮಾರು 1,200 ಮಂದಿ. ಲಸಿಕೆಯಿಂದಲೇ ಆದ ಗಂಭೀರ ತೊಂದರೆ ಒಂದೂ ಕಂಡುಬರಲಿಲ್ಲ. ನಮ್ಮ ಲೆಕ್ಕದಂತೆ ಮಿತಿ 400ಕ್ಕೆ 1. ಮುಂದೆ ಯುರೋಪಿನಲ್ಲಿ ಇದೇ ಲಸಿಕೆಯನ್ನು ಲಕ್ಷಾಂತರ ಜನರಿಗೆ ಹಾಕಿದಾಗ, ರಕ್ತ ಹೆಪ್ಪುಗಟ್ಟುವ ಒಂದು ಅಪರೂಪದ ತೊಂದರೆ ಲಕ್ಷಕ್ಕೆ ಒಬ್ಬರಂತೆ ಕಾಣಿಸಿತು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ಸಂಸ್ಥೆ ಅದನ್ನು ಪ್ರಕಟಿಸಿತು. ಮೊದಲ ಪರೀಕ್ಷೆ ಸುಳ್ಳಾಗಿರಲಿಲ್ಲ. ಲಕ್ಷಕ್ಕೊಂದನ್ನು ಕಾಣಲು ಸಾವಿರ ಜನ ಸಾಲದು, ಅಷ್ಟೆ. ಕೋವಿಡ್ ರೋಗದಿಂದ ಸಾಯುವ ಭಯ ವಯಸ್ಸಾದವರಿಗೆ ಇದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿದ್ದಿತೆಂಬುದನ್ನೂ ಮರೆಯಬಾರದು.

ನೀವು ಕೇಳತಕ್ಕ ಪ್ರಶ್ನೆಗಳು

1. ಎಷ್ಟು ಜನಕ್ಕೆ ಕೊಟ್ಟು ನೋಡಿದೆ?
2. ಎಷ್ಟು ದಿನ ನೋಡಿದೆ?
3. ಕೊಟ್ಟವರನ್ನೆಲ್ಲ ಮತ್ತೆ ವಿಚಾರಿಸಿದೆಯೆ? ತೊಂದರೆಯಾದವನು ತಿರುಗಿ ಬಾರದಿದ್ದರೆ ಲೆಕ್ಕವೇ ಕೆಡುತ್ತದೆ.
4. ಮದ್ದು ತೆಗೆದುಕೊಳ್ಳದಿದ್ದರೆ ರೋಗದಿಂದ ಆಗುವ ಅಪಾಯವೆಷ್ಟು?

ಮದ್ದಿನಿಂದಾಗಲಿ ಲಸಿಕೆಯಿಂದಾಗಲಿ ತೊಂದರೆಯಾದರೆ ಮುಚ್ಚಿಡದೆ ಆಶಾ ಕಾರ್ಯಕರ್ತೆಗೆ ಇಲ್ಲವೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಅಪರೂಪದ ಅಪಾಯ ಗೊತ್ತಾಗುವುದು ಹೀಗೆಯೇ.

ಲೆಕ್ಕ ಮಾಡಿರಿ: ಜಂತುಹುಳುವಿನ ಹೊಸ ಔಷಧವನ್ನು 60 ದನಗಳಿಗೆ ಕುಡಿಸಿದೆ, ಒಂದಕ್ಕೂ ಕೆಡುಕಾಗಿಲ್ಲ. ಅಪಾಯ ಹೆಚ್ಚೆಂದರೆ ಎಷ್ಟು? (ಉತ್ತರ: 20ಕ್ಕೆ 1.)