ಶಿಫ್ಟ್ ಮುಗಿಯುವ ಹೊತ್ತಿಗೆ ಮಳೆ: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದವರು ಏನು ಮಾಡಬೇಕು?

ಬೆಂಗಳೂರನ್ನು ಮುಳುಗಿಸುವುದು ಜೂನ್–ಜುಲೈನ ಜಿಟಿಜಿಟಿ ಮಳೆಯಲ್ಲ. ಮೇ ತಿಂಗಳ ಗುಡುಗು ಮಳೆ, ಆಮೇಲೆ ಹುಬ್ಬೆಯಿಂದ ಚಿತ್ತೆಯವರೆಗಿನ ಸೆಪ್ಟೆಂಬರ್–ಅಕ್ಟೋಬರ್ ಮಳೆ. ಇವು ಹೆಚ್ಚಾಗಿ ಸುರಿಯುವುದು ಸಂಜೆ, ರಾತ್ರಿ. ಆಫೀಸು ಬಿಡುವ, ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವ ಹೊತ್ತಿಗೇ. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆಯಾಯಿತು. ಮೂವತ್ತು–ನಲವತ್ತರ ಒಂದೊಂದು ಸೈಟಿನ ಮೇಲೂ 14,000 ಲೀಟರಿಗೆ ಮಿಕ್ಕಿ ನೀರು ಬಿದ್ದಂತಾಯಿತು. ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದ ಚಿತ್ರ ಎಲ್ಲರಿಗೂ ನೆನಪಿದೆ. ಅದೇ ದಿನ ರಾತ್ರಿ ವೈಟ್‌ಫೀಲ್ಡ್ ಬಳಿಯ ಸಿದ್ದಾಪುರದಲ್ಲಿ, ಸ್ಕೂಟರ್ ಕೆಟ್ಟು ನಿಂತ ನೀರಿನಲ್ಲಿ ಆಯ ತಪ್ಪಿ ವಿದ್ಯುತ್ ಕಂಬ ಹಿಡಿದ 23 ವರ್ಷದ ಯುವತಿ ಪ್ರಾಣ ಬಿಟ್ಟಳು. ಕೆಳಗಿನ ಸಲಹೆಗಳಲ್ಲಿ ಕರೆಂಟಿನ ಮಾತು ಮತ್ತೆ ಮತ್ತೆ ಬರುವುದು ಅದಕ್ಕಾಗಿಯೇ.

ಮೊದಲು: ನೀರಿನ ದಾರಿ ತಿಳಿದುಕೊಳ್ಳಿ

ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆ, ಅಲ್ಲಿಂದ ವರ್ತೂರು ಕೆರೆ ತುಂಬಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ, ಕೆಳಗಿನ ಬಡಾವಣೆಯಲ್ಲಿ ಮಳೆ ನಿಂತ ಮೇಲೂ ನೀರು ಏರುತ್ತದೆ. ಹಾಗಾಗಿ ಆಕಾಶ ತಿಳಿಯಾಯಿತೆಂದು ಬೇಸ್‌ಮೆಂಟಿಗೆ ಕಾರು ಇಳಿಸಬೇಡಿ. ಹೊಸ ಮನೆಗೋ ಪಿಜಿಗೋ ಅಡ್ವಾನ್ಸ್ ಕೊಡುವ ಮುಂಚೆ ರಾಜಕಾಲುವೆ ಎಷ್ಟು ದೂರ ನೋಡಿ, ಕಾಂಪೌಂಡ್ ಗೋಡೆಯ ಮೇಲೆ ಹಳೆಯ ನೀರಿನ ಗೆರೆ ಇದೆಯೇ ಹುಡುಕಿ. ಬ್ರೋಕರನ್ನು ಕೇಳಿ ಫಲವಿಲ್ಲ. ಮೂಲೆಯ ಅಂಗಡಿಯವರನ್ನು ಕೇಳಿ.

ಮಧ್ಯಾಹ್ನವೇ ತೀರ್ಮಾನಿಸಿ

ಹವಾಮಾನ ಇಲಾಖೆಯ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಮೂರು ಗಂಟೆಯೊಳಗೆ ಒಂದು ನಿರ್ಧಾರಕ್ಕೆ ಬನ್ನಿ: ಬೇಗ ಹೊರಡುವುದೋ, ಮಳೆ ಬಿಟ್ಟು ನೀರಿಳಿಯುವವರೆಗೆ ಕಚೇರಿಯಲ್ಲೇ ಇರುವುದೋ. ಎರಡೂ ಸರಿ. ಆರು ಗಂಟೆಗೆ ಸುರಿಮಳೆಯಲ್ಲಿ ಎಲ್ಲರೊಂದಿಗೆ ರಸ್ತೆಗಿಳಿಯುವುದೊಂದೇ ತಪ್ಪು. ತಂಡದ ಮುಖ್ಯಸ್ಥರು, ಶಿಫ್ಟ್ ಸೂಪರ್‌ವೈಸರುಗಳು ಈ ಮಾತನ್ನು ತಾವೇ ಮೊದಲು ಹೇಳಬೇಕು. ಲಾಗ್‌ಔಟ್ ಸಮಯಕ್ಕೆ ಹೆದರಿ ಕೂತವರು ಕೇಳಲಾರರು.

ರಸ್ತೆಯಲ್ಲಿದ್ದಾಗ

ಅರ್ಧ ಅಡಿಯಷ್ಟು ಹರಿಯುವ ನೀರು ಆಳನ್ನು ಬೀಳಿಸುತ್ತದೆ. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಐಟಿ ಉದ್ಯೋಗಿಯೊಬ್ಬರು ಸತ್ತರು. ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ ಎಷ್ಟೇ ಸುತ್ತಾದರೂ ಬೇರೆ ದಾರಿ ಹಿಡಿಯಿರಿ. ಕ್ಯಾಬ್ ಚಾಲಕ ನುಗ್ಗಲು ಹೊರಟರೆ ನಿಲ್ಲಿಸಲು ಹೇಳಿ ಇಳಿದುಬಿಡಿ. ಕಾರು ನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ ನೀರು ಎಳೆದುಕೊಂಡು ಹಾಳಾಗುತ್ತದೆ. ಕಿಟಕಿ ಇಳಿಸಿ, ನೀರು ಏರುವ ಮುನ್ನ ಹೊರಬನ್ನಿ.

ನೀರಿನಲ್ಲಿ ನಡೆಯಲೇಬೇಕಾದರೆ ಕಂಬ, ಟ್ರಾನ್ಸ್‌ಫಾರ್ಮರ್, ಬೀದಿ ದೀಪದ ಪೆಟ್ಟಿಗೆ, ಕಬ್ಬಿಣದ ಬೇಲಿ ಯಾವುದನ್ನೂ ಮುಟ್ಟಬೇಡಿ. ಕೊಡೆಯನ್ನೋ ಕೋಲನ್ನೋ ಊರಿ ಮುಂದಿನ ನೆಲ ಪರೀಕ್ಷಿಸಿ, ಮೋರಿಯ ಚಪ್ಪಡಿ ಕಿತ್ತುಹೋಗಿರಬಹುದು. ಕಾಲಿಗೆ ಜುಮ್ ಎಂದರೆ ಸಣ್ಣ ಸಣ್ಣ ಹೆಜ್ಜೆಯಿಟ್ಟು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ತಂತಿ ಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ, ಯಾರಿಗಾದರೂ ಶಾಕ್ ಹೊಡೆದಿದ್ದರೆ 112ಕ್ಕೂ ಕರೆ ಮಾಡಿ. ಕರೆಂಟ್ ಕಡಿತವಾಗುವವರೆಗೆ ಅವರನ್ನು ಕೈಯಿಂದ ಎಳೆಯಬೇಡಿ.

ಬೇಸ್‌ಮೆಂಟ್ ನೀರು ತೆಗೆಯುವಾಗ

2025ರ ಮೇ 19ರಂದು ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ಬೇಸ್‌ಮೆಂಟಿನ ನೀರು ಹೊರಹಾಕಲು ಹೋಗಿ ಹಿರಿಯರೊಬ್ಬರೂ 12 ವರ್ಷದ ಬಾಲಕನೂ ವಿದ್ಯುತ್ ಆಘಾತದಿಂದ ಸತ್ತರು. ಆದ್ದರಿಂದ ಕ್ರಮ ಹೀಗಿರಲಿ: ಲಿಫ್ಟನ್ನು ಮೇಲಿನ ಮಹಡಿಗೆ ತಂದು ನಿಲ್ಲಿಸಿ, ಒಣ ಜಾಗದಲ್ಲಿ ನಿಂತು ಬೇಸ್‌ಮೆಂಟಿನ ಸಂಪರ್ಕ ಕಡಿಯಿರಿ, ಸ್ವಿಚ್ ಬೋರ್ಡೇ ನೀರಿನಲ್ಲಿದ್ದರೆ ಬೆಸ್ಕಾಂನವರು ಬರುವವರೆಗೆ ಕಾಯಿರಿ. ಪಂಪನ್ನು ಮೇಲಿನ ಒಣ ಪ್ಲಗ್‌ನಿಂದಲೇ ಓಡಿಸಿ, ಆ ಸಾಲಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಎಂಸಿಬಿ ಇದ್ದರೆ ಸಾಕೆಂಬ ನಂಬಿಕೆ ಅಪಾಯಕಾರಿ: ಅದು ಓವರ್‌ಲೋಡ್, ಶಾರ್ಟ್ ಸರ್ಕಿಟ್‌ಗಳಿಗೆ ಟ್ರಿಪ್ ಆಗುತ್ತದೆ, ಮೈಯಲ್ಲಿ ಹರಿಯುವಷ್ಟು ಸಣ್ಣ ಸೋರಿಕೆಗೆ ಅಲ್ಲ. ಪಂಪ್ ಓಡುವಾಗ ಯಾರೂ ನೀರಿಗಿಳಿಯಕೂಡದು. ಡೀಸೆಲ್ ಪಂಪನ್ನು ಬೇಸ್‌ಮೆಂಟಿನೊಳಗೆ ಓಡಿಸಬಾರದು, ಅದರ ಹೊಗೆಯೂ ಕೊಲ್ಲುತ್ತದೆ. ಸೆಕ್ಯುರಿಟಿಯವರನ್ನೋ ಅವರ ಮಕ್ಕಳನ್ನೋ ಈ ಕೆಲಸಕ್ಕೆ ಇಳಿಸುವುದಂತೂ ಬೇಡವೇ ಬೇಡ.

ಪೀಣ್ಯದ ಶೆಡ್‌ಗಳಿಗೆ ಇದೇ ನಿಯಮ. ಜೊತೆಗೆ ರಾಸಾಯನಿಕದ ಡ್ರಮ್‌ಗಳನ್ನು ನೆಲದಿಂದ ಮೇಲೆತ್ತಿಡಿ. ತೋಯ್ದ ಮೋಟರನ್ನು ಪರೀಕ್ಷಿಸದೆ ಚಾಲೂ ಮಾಡಬೇಡಿ.

ನೀರಿಳಿದ ಮೇಲೆ

ಏನನ್ನೂ ಕದಲಿಸುವ ಮುಂಚೆ ಫೋಟೋ ತೆಗೆದು ವಿಮಾ ಕಂಪನಿಗೆ ತಿಳಿಸಿ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದ ಅನೇಕ ಪಾಲಿಸಿಗಳು ನೀರು ಹೊಕ್ಕ ಎಂಜಿನ್ನಿನ ಖರ್ಚು ಕೊಡುವುದಿಲ್ಲ. ಇದನ್ನು ಮಳೆಗಾಲಕ್ಕೆ ಮುಂಚೆಯೇ ನೋಡಿಕೊಳ್ಳುವುದು ಲೇಸು. ಹೊರಗಿನ ನೀರು ಸಂಪಿಗೆ ಸೇರಿದ್ದರೆ ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ. ಕೆಲವು ದಿನ ನೀರು ಕುದಿಸಿ ಕುಡಿಯಿರಿ. ಕೊಳಚೆಯಲ್ಲಿ ನಡೆದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು ಕಾಣಿಸಿದರೆ ಅದು ಇಲಿ ಜ್ವರ ಇರಬಹುದು. ವೈದ್ಯರ ಬಳಿ ಹೋದಾಗ ನೀರಿನಲ್ಲಿ ನಡೆದದ್ದನ್ನು ಮರೆಯದೆ ಹೇಳಿ.